ಜುಲೈ 4: ಒಂದು ತಾರೀಖಿನ ವಿಚಿತ್ರ ಕಥೆ

1826ರ ಜುಲೈ 3ರ ರಾತ್ರಿ. ಅಮೆರಿಕದ ವರ್ಜೀನಿಯಾ ರಾಜ್ಯದ ಮಾಂಟಿಸೆಲೊ ಎಂಬಲ್ಲಿ, ಗುಡ್ಡದ ಮೇಲಿನ ಮನೆಯೊಂದರಲ್ಲಿ, 83 ವರ್ಷದ ವೃದ್ಧರೊಬ್ಬರು ಮರಣಶಯ್ಯೆಯಲ್ಲಿದ್ದರು. ಮಂಪರಿನಿಂದ ಎಚ್ಚೆತ್ತಾಗ ಅವರು ವೈದ್ಯರನ್ನು ಕೇಳಿದ್ದು ಔಷಧಿಯ ವಿಷಯವನ್ನಲ್ಲ, ತಾರೀಖನ್ನು. "ಇವತ್ತು ನಾಲ್ಕೇ?" ಎಂದರು. "ಇನ್ನೇನು ಆಗುತ್ತದೆ" ಎಂದು ವೈದ್ಯರು ಉತ್ತರಿಸಿದರು. ಮರುದಿನ ಮಧ್ಯಾಹ್ನ ಒಂದು ಗಂಟೆಗೆ ಸ್ವಲ್ಪ ಮೊದಲು ಅವರ ಉಸಿರು ನಿಂತಿತು.

ಅವರು ಥಾಮಸ್ ಜೆಫರ್ಸನ್. ಅಮೆರಿಕದ ಮೂರನೆಯ ಅಧ್ಯಕ್ಷರು. ಅದಕ್ಕಿಂತ ಮುಖ್ಯವಾಗಿ, ಬ್ರಿಟಿಷರ ಆಳ್ವಿಕೆ ತಮಗೆ ಇನ್ನು ಬೇಡವೆಂದು ಅಮೆರಿಕದ ವಸಾಹತುಗಳು ಸಾರಿದ ಸ್ವಾತಂತ್ರ್ಯ ಘೋಷಣೆಯ ಕರಡನ್ನು ಬರೆದವರು. ಆ ಘೋಷಣೆಯ ಮೇಲಿದ್ದ ತಾರೀಖು 1776ರ ಜುಲೈ 4. ಅಂದರೆ ಜೆಫರ್ಸನ್ ತೀರಿಕೊಂಡದ್ದು ಅದರ ಐವತ್ತನೆಯ ವಾರ್ಷಿಕೋತ್ಸವದ ದಿನ. ಊರೂರುಗಳಲ್ಲಿ ಗಂಟೆ ಬಾರಿಸಿ, ತೋಪು ಹಾರಿಸಿ ಜನ ಸುವರ್ಣ ಮಹೋತ್ಸವ ಆಚರಿಸುತ್ತಿದ್ದ ಹೊತ್ತು ಅದು.

ಇಷ್ಟೇ ಆಗಿದ್ದರೆ ನಾವು "ಎಂಥ ಯೋಗಾಯೋಗ!" ಎಂದು ಸುಮ್ಮನಾಗಬಹುದಿತ್ತು. ಆದರೆ ಅಲ್ಲಿಂದ ಸುಮಾರು 800 ಕಿಲೋಮೀಟರ್ ದೂರದ ಕ್ವಿನ್ಸಿ ಎಂಬ ಊರಿನಲ್ಲಿ ಅದೇ ದಿನ ಇನ್ನೊಬ್ಬ ವೃದ್ಧರು ಕೊನೆಯ ಗಳಿಗೆಗಳನ್ನು ಎಣಿಸುತ್ತಿದ್ದರು. ಅವರು 90 ವರ್ಷದ ಜಾನ್ ಆಡಮ್ಸ್, ಅಮೆರಿಕದ ಎರಡನೆಯ ಅಧ್ಯಕ್ಷರು. ಘೋಷಣೆ ಸಿದ್ಧಪಡಿಸಿದ ಐವರ ಸಮಿತಿಯಲ್ಲಿ ಜೆಫರ್ಸನ್‌ರ ಜೊತೆ ಇದ್ದವರು; ಸಭೆಯಲ್ಲಿ ಅದರ ಪರವಾಗಿ ಬಲವಾಗಿ ವಾದಿಸಿದವರು. "ಥಾಮಸ್ ಜೆಫರ್ಸನ್ ಇನ್ನೂ ಬದುಕಿದ್ದಾರೆ" ಎಂಬ ಅರ್ಥದ ಮಾತು ಅವರ ಕೊನೆಯ ಮಾತುಗಳಲ್ಲೊಂದು ಎಂದು ಹೇಳಿಕೆಯಿದೆ. ಜೆಫರ್ಸನ್ ಆ ವೇಳೆಗೆ ತೀರಿಕೊಂಡು ಕೆಲವು ಗಂಟೆಗಳಾಗಿದ್ದವು. ಆಗಿನ್ನೂ ತಂತಿ ಸಂದೇಶವೂ ಬಂದಿರಲಿಲ್ಲ. ಕುದುರೆಯ ಮೇಲೆ ಸುದ್ದಿ ತಲುಪಲು ದಿನಗಳೇ ಬೇಕಿದ್ದವು. ಸಂಜೆ ಆರು ಗಂಟೆ ದಾಟಿದ ಮೇಲೆ ಆಡಮ್ಸ್ ಕೂಡ ಹೊರಟುಹೋದರು.

ಇವರಿಬ್ಬರ ಸಂಬಂಧವೂ ಒಂದು ಕಥೆಯೇ. 1776ರಲ್ಲಿ ಗೆಳೆಯರು. 1800ರ ಚುನಾವಣೆಯಲ್ಲಿ ಎದುರಾಳಿಗಳು. ಸೋತ ಆಡಮ್ಸ್, ಜೆಫರ್ಸನ್‌ರ ಅಧಿಕಾರ ಸ್ವೀಕಾರ ಸಮಾರಂಭಕ್ಕೆ ನಿಲ್ಲದೆ ಬೆಳಗಾಗುವ ಮುನ್ನವೇ ರಾಜಧಾನಿ ಬಿಟ್ಟು ಹೊರಟರು. ಹನ್ನೊಂದು ವರ್ಷಗಳ ಮುನಿಸಿನ ಬಳಿಕ, ಇಬ್ಬರಿಗೂ ಬೇಕಾದ ಬೆಂಜಮಿನ್ ರಷ್ ಎಂಬ ವೈದ್ಯರು ನಡುವೆ ಬಂದು ರಾಜಿ ಮಾಡಿಸಿದರು. 1812ರ ಹೊಸ ವರ್ಷದ ದಿನ ಆಡಮ್ಸ್ ಮೊದಲ ಕಾಗದ ಬರೆದರು. ಅಲ್ಲಿಂದ ಸಾಯುವವರೆಗೆ ಇಬ್ಬರ ನಡುವೆ ನೂರೈವತ್ತಕ್ಕೂ ಹೆಚ್ಚು ಕಾಗದಗಳು ಓಡಾಡಿದವು. ಅಮೆರಿಕದ ಇತಿಹಾಸ ಓದುವವರಿಗೆ ಇವತ್ತಿಗೂ ಅವು ದೊಡ್ಡ ಆಸ್ತಿ.

ಆಗ ಅಧ್ಯಕ್ಷರಾಗಿದ್ದವರು ಆಡಮ್ಸ್‌ರ ಮಗ ಜಾನ್ ಕ್ವಿನ್ಸಿ ಆಡಮ್ಸ್. ಅವರಿಗೆ ಜೆಫರ್ಸನ್‌ರ ಸಾವಿನ ಸುದ್ದಿ ಮುಟ್ಟಿದ್ದು ಜುಲೈ 6ರಂದು. ಸ್ವಂತ ತಂದೆಯ ಸಾವಿನ ಸುದ್ದಿ ಸಿಕ್ಕಿದ್ದು ಊರಿಗೆ ಹೊರಟ ದಾರಿಯಲ್ಲಿ. ಇದು ಕಣ್ಣಿಗೆ ಕಾಣುವಂಥ ದೈವಾನುಗ್ರಹ ಎಂದು ಅವರು ದಿನಚರಿಯಲ್ಲಿ ಬರೆದುಕೊಂಡರು. ದೇಶದ ಬಹುತೇಕ ಜನರೂ ಹಾಗೆಯೇ ತಿಳಿದರು. ಐದು ವರ್ಷಗಳ ನಂತರ, 1831ರ ಜುಲೈ 4ರಂದು, ಐದನೆಯ ಅಧ್ಯಕ್ಷ ಜೇಮ್ಸ್ ಮನ್ರೋ ನ್ಯೂಯಾರ್ಕಿನಲ್ಲಿ ತೀರಿಕೊಂಡಾಗ ಆ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಮೊದಲ ಐವರು ಅಧ್ಯಕ್ಷರಲ್ಲಿ ಮೂವರು ಒಂದೇ ತಾರೀಖಿಗೆ!

ವಿದ್ಯಾರ್ಥಿ ಮಿತ್ರರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಇಂಥ ಸಂಗತಿ ಕೇಳಿದಾಗ ಮೈ ಜುಂ ಎನ್ನುತ್ತದೆ. ರಸಪ್ರಶ್ನೆಯವರಿಗಂತೂ ಇದು ಹಬ್ಬ. ಆದರೆ ಇತಿಹಾಸ ಓದುವವರು ಕೇಳಬೇಕಾದ ಪ್ರಶ್ನೆ ಬೇರೆ: ಈ ತಾರೀಖಿಗೆ ಇಷ್ಟು ಮಹತ್ವ ಬಂದದ್ದು ಎಲ್ಲಿಂದ? ತಾನಾಗಿಯೇ ಬಂದದ್ದೆಷ್ಟು, ಜನ ತಂದುಕೊಟ್ಟದ್ದೆಷ್ಟು?

ಮೊದಲು ಒಂದು ಲೆಕ್ಕ. ಕಾಗದ, ಪೆನ್ಸಿಲು ತೆಗೆದುಕೊಳ್ಳಿ. ಒಬ್ಬ ಮನುಷ್ಯ ವರ್ಷದ ಇಂಥದೇ ದಿನ ಸಾಯುವ ಸಂಭವ 365ಕ್ಕೆ ಒಂದು. ಮೂವರೂ ಅದೇ ದಿನ ಸಾಯಬೇಕಾದರೆ 365ನ್ನು ಮೂರು ಸಲ ಗುಣಿಸಬೇಕು; 4 ಕೋಟಿ 86 ಲಕ್ಷ ದಾಟುತ್ತದೆ. ಐವರಲ್ಲಿ ಮೂವರನ್ನು ಆರಿಸಲು ಹತ್ತು ದಾರಿಗಳಿರುವುದರಿಂದ ಹತ್ತರಿಂದ ಭಾಗಿಸಿ. ಸುಮಾರು 48 ಲಕ್ಷಕ್ಕೆ ಒಂದು ಸಂಭವ ಎಂದಾಯಿತು. ಜುಲೈ 4ರಂದೇ ಎಂದು ಹಟ ಹಿಡಿಯದೆ, ಯಾವುದಾದರೂ ಒಂದೇ ತಾರೀಖಿಗೆ ಮೂವರು ಸಾಯುವ ಸಂಭವ ಎಷ್ಟು ಎಂದು ಕೇಳಿದರೆ? ಆಗ ಅದು ಸುಮಾರು 13 ಸಾವಿರಕ್ಕೆ ಒಂದು. ಪ್ರಶ್ನೆ ಕೊಂಚ ಬದಲಾದರೆ ಉತ್ತರ ಎಷ್ಟು ಬದಲಾಗುತ್ತದೆ ನೋಡಿ. ನಿಮ್ಮ ತರಗತಿಯಲ್ಲಿ 40 ಮಂದಿ ಇದ್ದರೆ ಅವರಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಂಭವ ನೂರಕ್ಕೆ 89. ನಾಳೆಯೇ ಪರೀಕ್ಷಿಸಬಹುದು. ಅಮೆರಿಕದ ಅಧ್ಯಕ್ಷರನ್ನೇ ತೆಗೆದುಕೊಂಡರೂ ಪೋಕ್ ಮತ್ತು ಹಾರ್ಡಿಂಗ್ ಇಬ್ಬರೂ ಹುಟ್ಟಿದ್ದು ನವೆಂಬರ್ 2ರಂದು. ಟ್ರೂಮನ್ ಮತ್ತು ಫೋರ್ಡ್ ಇಬ್ಬರೂ ಸತ್ತದ್ದು ಡಿಸೆಂಬರ್ 26ರಂದು. ಆ ತಾರೀಖುಗಳಿಗೆ ಹಬ್ಬದ ಬಣ್ಣವಿಲ್ಲ, ಹಾಗಾಗಿ ಅವನ್ನು ಯಾರೂ ದೈವಸಂಕಲ್ಪ ಎನ್ನಲಿಲ್ಲ.

ಹಾಗೆಂದು 1826ರ ಘಟನೆಯನ್ನು ಲೆಕ್ಕ ಹಾಕಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅದು ನಿಜಕ್ಕೂ ಅಪರೂಪದ್ದು. ಆ ವೃದ್ಧರು ಹಟ ಹಿಡಿದು ಜೀವ ಹಿಡಿದಿಟ್ಟುಕೊಂಡಿರಬಹುದೇ ಎಂಬ ಊಹೆಯೂ ಇದೆ. ಜೆಫರ್ಸನ್ ತಾರೀಖು ಕೇಳಿದ್ದನ್ನು ನೆನೆದರೆ ಹಾಗೆ ಅನ್ನಿಸುವುದು ಸಹಜ. ಆದರೆ ಓಹಾಯೊ ರಾಜ್ಯದ ಮೂರು ಲಕ್ಷಕ್ಕೂ ಹೆಚ್ಚು ಕ್ಯಾನ್ಸರ್ ರೋಗಿಗಳ ಸಾವಿನ ದಿನಗಳನ್ನು ಪರಿಶೀಲಿಸಿ 2004ರಲ್ಲಿ ಪ್ರಕಟವಾದ ಅಧ್ಯಯನಕ್ಕೆ, ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಕಾದು ಜನ ಸಾವನ್ನು ಮುಂದೂಡುತ್ತಾರೆ ಎನ್ನಲು ಆಧಾರ ಸಿಗಲಿಲ್ಲ. ಇನ್ನೊಂದು ಉದಾಹರಣೆಯೂ ಉಂಟು. ನಾಲ್ಕನೆಯ ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್ 1836ರ ಜೂನ್ ಕೊನೆಯಲ್ಲಿ ಹಾಸಿಗೆ ಹಿಡಿದಿದ್ದಾಗ, ಉತ್ತೇಜಕ ಔಷಧಿ ಕೊಟ್ಟು ಜುಲೈ 4ರವರೆಗೆ ಉಳಿಸಿಕೊಳ್ಳುವ ಸಲಹೆ ಬಂದಿತಂತೆ. ಅವರು ಬೇಡವೆಂದರು. ಜೂನ್ 28ರಂದು ತೀರಿಕೊಂಡರು. ಕಥೆ ಹೇಳುವವರು ಮ್ಯಾಡಿಸನ್‌ರನ್ನು ಮರೆಯುತ್ತಾರೆ. ಅವರು ತಾರೀಖಿಗೆ ಸಿಕ್ಕಲಿಲ್ಲವಲ್ಲ!

ಇದೆಲ್ಲಕ್ಕಿಂತ ವಿಚಿತ್ರವಾದ ಸಂಗತಿಯನ್ನು ಈಗ ಹೇಳುತ್ತೇನೆ. ಅಮೆರಿಕ ಸ್ವತಂತ್ರವಾಗಬೇಕೆಂದು ಫಿಲಡೆಲ್ಫಿಯಾದ ಸಭೆ ಮತ ಹಾಕಿದ್ದು ಜುಲೈ 4ರಂದಲ್ಲ, ಜುಲೈ 2ರಂದು. ಮರುದಿನ ಇದೇ ಜಾನ್ ಆಡಮ್ಸ್ ತಮ್ಮ ಪತ್ನಿ ಅಬಿಗೇಲ್‌ಗೆ ಕಾಗದ ಬರೆದು, ಮುಂದಿನ ಪೀಳಿಗೆಗಳು ಜುಲೈ 2ನ್ನು ಗಂಟೆ, ತೋಪು, ದೀಪಗಳೊಡನೆ ಮಹಾ ಹಬ್ಬವಾಗಿ ಆಚರಿಸುತ್ತವೆ ಎಂದು ಭವಿಷ್ಯ ನುಡಿದರು. ಗಂಟೆಯ ಮಾತು ನಿಜವಾಯಿತು, ತೋಪಿನ ಮಾತು ನಿಜವಾಯಿತು, ತಾರೀಖು ಮಾತ್ರ ತಪ್ಪಿತು. ಜುಲೈ 4ರಂದು ನಡೆದದ್ದು ಘೋಷಣೆಯ ಒಕ್ಕಣೆಗೆ ಒಪ್ಪಿಗೆ. ಅದನ್ನು ಅಚ್ಚು ಹಾಕಿಸಿ ಊರೂರಿಗೆ ಕಳುಹಿಸಿದರು. ಆ ಹಾಳೆಯ ನೆತ್ತಿಯಲ್ಲಿ ಜುಲೈ 4 ಎಂದಿತ್ತು. ಜನರ ಕೈಗೆ ಬಂದದ್ದು ಆ ಹಾಳೆ, ಮನಸ್ಸಿನಲ್ಲಿ ನಿಂತದ್ದು ಆ ತಾರೀಖು. ಸದಸ್ಯರಲ್ಲಿ ಹೆಚ್ಚಿನವರು ಸಹಿ ಹಾಕಿದ್ದಂತೂ ಆಗಸ್ಟ್ 2ರಂದು. ವರ್ಷಗಳು ಕಳೆದ ಮೇಲೆ ಜೆಫರ್ಸನ್, ಆಡಮ್ಸ್ ಇಬ್ಬರೂ ತಾವು ಜುಲೈ 4ರಂದೇ ಸಹಿ ಹಾಕಿದೆವೆಂದು ಬರೆದರು. ಕಣ್ಣಾರೆ ಕಂಡವರ ನೆನಪನ್ನೂ ಹಬ್ಬ ತಿದ್ದಿಬಿಟ್ಟಿತ್ತು.

ಹೀಗೆ ನೆಲೆಗೊಂಡ ತಾರೀಖನ್ನು ಮುಂದೆ ಜನ ಬೇಕೆಂದೇ ಬಳಸತೊಡಗಿದರು. ಈರಿ ಕಾಲುವೆಯ ಅಗೆತ ಶುರುವಾದದ್ದು 1817ರ ಜುಲೈ 4ರಂದು. ಬಾಲ್ಟಿಮೋರ್ ಮತ್ತು ಓಹಾಯೊ ರೈಲುಮಾರ್ಗದ ಶಂಕುಸ್ಥಾಪನೆ 1828ರ ಜುಲೈ 4ರಂದು. ಕಲ್ಲು ಇಟ್ಟವರು ಘೋಷಣೆಗೆ ಸಹಿ ಹಾಕಿದವರಲ್ಲಿ ಆಗ ಬದುಕುಳಿದಿದ್ದ ಒಬ್ಬರೇ ಒಬ್ಬರು, ಚಾರ್ಲ್ಸ್ ಕ್ಯಾರಲ್. ಇವು ಯೋಗಾಯೋಗಗಳಲ್ಲ, ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಿ ಇಟ್ಟುಕೊಂಡ ಮುಹೂರ್ತಗಳು.

ಅಮೆರಿಕದ ಅಂತರ್ಯುದ್ಧದಲ್ಲಿ ವಿಕ್ಸ್‌ಬರ್ಗ್ ನಗರ 1863ರ ಜುಲೈ 4ರಂದು ಶರಣಾಯಿತು. 47 ದಿನಗಳ ಮುತ್ತಿಗೆಯಿಂದ ಒಳಗಿದ್ದವರು ಹಸಿದು ಕಂಗಾಲಾಗಿದ್ದರು. ದಕ್ಷಿಣದವರ ಪರವಾಗಿ ನಗರ ಕಾಯುತ್ತಿದ್ದ ಸೇನಾನಿ ಪೆಂಬರ್ಟನ್ ಹುಟ್ಟಿದ್ದು ಉತ್ತರದಲ್ಲಿ, ಅದೂ ಘೋಷಣೆ ಹುಟ್ಟಿದ ಫಿಲಡೆಲ್ಫಿಯಾದಲ್ಲೇ. ಉತ್ತರದವರ ಸ್ವಭಾವ ತನಗೆ ಗೊತ್ತು, ಅವರ ಹಬ್ಬದ ದಿನವೇ ಶರಣಾದರೆ ಆ ಹೆಮ್ಮೆಯಲ್ಲಿ ಒಳ್ಳೆಯ ಷರತ್ತು ಕೊಡುತ್ತಾರೆ ಎಂದು ಅವನು ಲೆಕ್ಕ ಹಾಕಿದ್ದ. ಅದರ ಹಿಂದಿನ ದಿನವಷ್ಟೇ ಗೆಟ್ಟಿಸ್‌ಬರ್ಗ್‌ನಲ್ಲಿ ದಕ್ಷಿಣದವರಿಗೆ ದೊಡ್ಡ ಸೋಲಾಗಿತ್ತು. ಒಂದೇ ತಾರೀಖು ಉತ್ತರಕ್ಕೆ ಎರಡು ಪಟ್ಟು ಸಂಭ್ರಮವಾಯಿತು. ವಿಕ್ಸ್‌ಬರ್ಗಿನ ಬಿಳಿಯರಿಗೆ ಹಲವು ದಶಕಗಳ ಕಾಲ ಆ ಹಬ್ಬವೇ ಬೇಡವಾಯಿತು.

ಹಬ್ಬ ಬೇಡವೆನ್ನಲು ಇನ್ನೂ ಬಲವಾದ ಕಾರಣವಿದ್ದವರು ಬೇರೆ ಇದ್ದರು. ಎಲ್ಲ ಮನುಷ್ಯರೂ ಸಮಾನರು ಎಂದು ಬರೆದ ಜೆಫರ್ಸನ್‌ರ ಒಡೆತನದಲ್ಲಿ ಅವರ ಜೀವಿತಕಾಲದಲ್ಲಿ 600ಕ್ಕೂ ಹೆಚ್ಚು ಗುಲಾಮರಿದ್ದರು. ನ್ಯೂಯಾರ್ಕ್ ರಾಜ್ಯದ ಕಾನೂನು ಅಲ್ಲಿಯ ಗುಲಾಮರ ಬಿಡುಗಡೆಗೆ ಗೊತ್ತುಮಾಡಿದ ದಿನ 1827ರ ಜುಲೈ 4. ಆದರೆ ನ್ಯೂಯಾರ್ಕ್ ನಗರದ ಕಪ್ಪು ಜನರು ದೊಡ್ಡ ಮೆರವಣಿಗೆ ನಡೆಸಿದ್ದು ಮರುದಿನ, 5ರಂದು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಮಹಾನ್ ವಾಗ್ಮಿಯಾದ ಫ್ರೆಡರಿಕ್ ಡಗ್ಲಸ್ 1852ರಲ್ಲಿ ರಾಚೆಸ್ಟರ್ ನಗರದ ಸಭೆಯಲ್ಲಿ ಮಾತಾಡಿದ್ದೂ ಜುಲೈ 5ರಂದು. ಆ ವರ್ಷ 4 ಭಾನುವಾರವಾಗಿತ್ತು ಎಂಬುದು ನಿಜ. ಆದರೂ ಡಗ್ಲಸ್ ಸಭಿಕರಿಗೆ ಹೇಳಿದ್ದು, ಈ ಜುಲೈ 4 ನಿಮ್ಮದು, ನನ್ನದಲ್ಲ ಎಂದು. ನೀವು ನಲಿಯಬಹುದು, ನಾನು ಶೋಕಿಸಬೇಕು ಎಂದು. ಸಭೆಯಲ್ಲಿ ಕುಳಿತಿದ್ದವರು ಗುಲಾಮಗಿರಿಯನ್ನು ವಿರೋಧಿಸುವವರೇ. ಅವರಿಗೂ ಆ ಮಾತು ನಾಟಿರಬೇಕು.

ಫಿಲಿಪೈನ್ಸ್ ದೇಶದ ಕಥೆ ಇದಕ್ಕೆ ಹತ್ತಿರದ್ದು. ಅಮೆರಿಕ ತನ್ನ ಹಿಡಿತದಲ್ಲಿದ್ದ ಆ ದ್ವೀಪಗಳಿಗೆ ಸ್ವಾತಂತ್ರ್ಯ ಕೊಟ್ಟದ್ದು 1946ರ ಜುಲೈ 4ರಂದು, ಅಂದರೆ ತನ್ನದೇ ಹಬ್ಬದ ದಿನ. ಹದಿನಾರು ವರ್ಷ ಅಲ್ಲಿಯೂ ಅದೇ ಸ್ವಾತಂತ್ರ್ಯ ದಿನವಾಗಿತ್ತು. 1962ರಲ್ಲಿ ಅಧ್ಯಕ್ಷ ಮಕಪಗಲ್ ಅದನ್ನು ಜೂನ್ 12ಕ್ಕೆ ಬದಲಾಯಿಸಿದರು. 1898ರ ಜೂನ್ 12ರಂದು ಫಿಲಿಪಿನೋ ಜನ ಸ್ಪೇನಿನಿಂದ ತಾವು ಸ್ವತಂತ್ರರೆಂದು ತಾವೇ ಸಾರಿಕೊಂಡಿದ್ದರು. ಬೇರೆಯವರು ಕೊಟ್ಟ ದಿನಕ್ಕಿಂತ ತಾವೇ ಸಾರಿಕೊಂಡ ದಿನ ಮೇಲೆಂದು ಅವರಿಗೆ ತೋರಿತು.

ನಮಗೆ ಇದು ಅರ್ಥವಾಗದ ವಿಷಯವಲ್ಲ. ನಮ್ಮ ಸಂವಿಧಾನ ಅಂಗೀಕಾರವಾದದ್ದು 1949ರ ನವೆಂಬರ್ 26ರಂದು. ಪೂರ್ಣವಾಗಿ ಜಾರಿಗೆ ಬರಲು 1950ರ ಜನವರಿ 26ರವರೆಗೆ ಕಾದದ್ದು, 1930ರಲ್ಲಿ ಅದೇ ತಾರೀಖಿಗೆ ದೇಶದ ತುಂಬ ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಮಾಡಿದ್ದರ ನೆನಪಿಗೆ. 1956ರ ನವೆಂಬರ್ 1ರಂದು ಒಂದಾದ ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ನೂರಾರು ವರ್ಷಗಳ ಬಳಿಕ ಯಾರಾದರೂ ಈ ತಾರೀಖುಗಳನ್ನು ಪಕ್ಕಪಕ್ಕ ಇಟ್ಟು "ಎಂಥ ವಿಚಿತ್ರ ಕಾಕತಾಳೀಯ!" ಎಂದರೆ ನೀವು ನಗುತ್ತೀರಿ, ಅಲ್ಲವೇ?

ಇನ್ನು ಕೆಲವು ಘಟನೆಗಳು ಸುಮ್ಮನೆ ಆ ತಾರೀಖಿಗೆ ಬಂದು ಬಿದ್ದವು. ರೇಡಿಯಂ ಕಂಡುಹಿಡಿದ ಮೇರಿ ಕ್ಯೂರಿ 1934ರ ಜುಲೈ 4ರಂದು ತೀರಿಕೊಂಡರು. ನಮ್ಮ ಸತ್ಯೇಂದ್ರನಾಥ ಬೋಸರ ಹೆಸರು ಹೊತ್ತ ಬೋಸಾನ್ ಎಂಬ ಕಣಗಳ ಗುಂಪಿಗೆ ಸೇರಿದ ಹಿಗ್ಸ್ ಕಣದ ಸುಳಿವು ಸಿಕ್ಕಿತೆಂದು ಜಿನೀವಾದ ವಿಜ್ಞಾನಿಗಳು ಪ್ರಕಟಿಸಿದ್ದು 2012ರ ಜುಲೈ 4ರಂದು. ಅದಕ್ಕೆ ಕಾರಣ ಅಮೆರಿಕದ ಹಬ್ಬವಲ್ಲ, ಮೆಲ್ಬರ್ನ್‌ನಲ್ಲಿ ಆಗ ಆರಂಭವಾಗುತ್ತಿದ್ದ ಭೌತವಿಜ್ಞಾನ ಸಮ್ಮೇಳನ. ಇವನ್ನು ಜೆಫರ್ಸನ್‌ರ ಸಾವಿನ ಜೊತೆ ಪೋಣಿಸುವ ದಾರ ಯಾವುದೂ ಇಲ್ಲ.

ಆದರೆ ಒಂದು ಘಟನೆಯ ಮುಂದೆ ಮಾತ್ರ ನಾನು ಪ್ರತಿ ಸಲವೂ ನಿಲ್ಲುತ್ತೇನೆ. ಕಲ್ಯಾಣದ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರ ಇಲ್ಲಿ ಆಳುತ್ತಿದ್ದ ಕಾಲದಲ್ಲಿ, 1054ರಲ್ಲಿ, ಚೀನಾದ ಆಸ್ಥಾನ ಜ್ಯೋತಿಷಿಗಳು ವೃಷಭ ರಾಶಿಯ ಕಡೆ ಹೊಸ ನಕ್ಷತ್ರವೊಂದನ್ನು ಕಂಡು "ಅತಿಥಿ ನಕ್ಷತ್ರ" ಎಂದು ಬರೆದಿಟ್ಟರು. 23 ದಿನ ಅದು ಹಾಡಹಗಲಲ್ಲೇ ಕಾಣುತ್ತಿತ್ತು. ರಾತ್ರಿಯ ಆಕಾಶದಲ್ಲಿ 1056ರವರೆಗೂ ಇತ್ತು. ಸ್ಫೋಟಗೊಂಡ ಆ ನಕ್ಷತ್ರದ ಅವಶೇಷವೇ ಇಂದು ದೂರದರ್ಶಕದಲ್ಲಿ ಕಾಣುವ ಏಡಿ ನೀಹಾರಿಕೆ. ಅತಿಥಿ ಮೊದಲು ಕಂಡ ದಿನ 1054ರ ಜುಲೈ 4 ಎಂದು ಪುಸ್ತಕಗಳು ಹೇಳುತ್ತವೆ. ಆದರೆ ಅದನ್ನು ಕಂಡವರಿಗೆ ಜುಲೈ ಎಂಬ ತಿಂಗಳೇ ಗೊತ್ತಿರಲಿಲ್ಲ. ಅವರ ಪಾಲಿಗೆ ಅದು ಝಿಹೆ ಎಂಬ ರಾಜಶಕೆಯ ಮೊದಲ ವರ್ಷ, ಐದನೆಯ ತಿಂಗಳು. ಅದನ್ನು ಯುರೋಪಿನ ಹಳೆಯ ಜೂಲಿಯನ್ ಪಂಚಾಂಗಕ್ಕೆ ಹೊಂದಿಸಿದಾಗ ಸಿಗುವುದು ಜುಲೈ 4. ನಮ್ಮ ಗೋಡೆಯ ಮೇಲೆ ತೂಗುವ ಗ್ರಿಗೋರಿಯನ್ ಕ್ಯಾಲೆಂಡರಿಗೆ ಹೊಂದಿಸಿದರೆ ಅದೇ ದಿನ ಜುಲೈ 10 ಆಗಿಬಿಡುತ್ತದೆ!

ಈ ಎರಡು ಪಂಚಾಂಗಗಳ ತಕರಾರು ಜೆಫರ್ಸನ್‌ರ ಸಮಾಧಿಯ ಮೇಲೂ ಉಳಿದಿದೆ. ಅಲ್ಲಿ ಹುಟ್ಟಿದ ದಿನ 1743ರ ಏಪ್ರಿಲ್ 2, "ಹಳೆಯ ಪದ್ಧತಿ" ಎಂದು ಕೆತ್ತಿದ್ದಾರೆ. ಬ್ರಿಟನ್ನು ಮತ್ತು ಅದರ ವಸಾಹತುಗಳು 1752ರಲ್ಲಿ ಹೊಸ ಕ್ಯಾಲೆಂಡರಿಗೆ ಬದಲಾದಾಗ ಸೆಪ್ಟೆಂಬರ್ 2ರ ಮರುದಿನವನ್ನು 14 ಎಂದು ಕರೆದವು. ಹನ್ನೊಂದು ತಾರೀಖುಗಳು ಮಾಯವಾದವು. ಹೊಸ ಲೆಕ್ಕದಲ್ಲಿ ಜೆಫರ್ಸನ್ ಹುಟ್ಟಿದ್ದು ಏಪ್ರಿಲ್ 13. ಒಂದೇ ಕಲ್ಲಿನ ಮೇಲೆ ಹುಟ್ಟು ಒಂದು ಪಂಚಾಂಗದ್ದು, ಸಾವು ಇನ್ನೊಂದರದ್ದು.

ಕೊನೆಯದಾಗಿ ನಮ್ಮವರೇ ಒಬ್ಬರು. 1892ರಲ್ಲಿ ಬೆಳಗಾವಿಗೂ ಮೈಸೂರಿಗೂ ಬಂದು, ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದ ಸ್ವಾಮಿ ವಿವೇಕಾನಂದರು ಮರುವರ್ಷ ಅಮೆರಿಕಕ್ಕೆ ಹೋದದ್ದು ನಿಮಗೆ ಗೊತ್ತೇ ಇದೆ. 1898ರ ಜುಲೈ 4ರಂದು ಅವರು ಕಾಶ್ಮೀರದಲ್ಲಿದ್ದರು. ಜೊತೆಯಲ್ಲಿ ಅಮೆರಿಕದ ಶಿಷ್ಯೆಯರೂ ಇದ್ದರು. ಊರಿನ ದರ್ಜಿಯೊಬ್ಬನಿಂದ ಅಮೆರಿಕದ ಬಾವುಟ ಹೊಲಿಸಿ, ದೋಣಿಮನೆಯನ್ನು ಹಸಿರು ಕೊಂಬೆಗಳಿಂದ ಸಿಂಗರಿಸಿ, ಬೆಳಗಿನ ಉಪಾಹಾರದ ಹೊತ್ತಿಗೆ ಹಬ್ಬ ಮಾಡಿದರು. ಆ ದಿನಕ್ಕೆಂದೇ ಸ್ವಾಮೀಜಿ ಇಂಗ್ಲಿಷಿನಲ್ಲಿ ಒಂದು ಕವನ ಬರೆದು ಓದಿದರು. ಸರಿಯಾಗಿ ನಾಲ್ಕು ವರ್ಷಗಳ ಮೇಲೆ, 1902ರ ಜುಲೈ 4ರ ರಾತ್ರಿ ಬೇಲೂರು ಮಠದಲ್ಲಿ 39ನೆಯ ವಯಸ್ಸಿಗೆ ಅವರು ದೇಹ ಬಿಟ್ಟರು. ಕೆಲವು ದಿನ ಮುಂಚೆ ಪಂಚಾಂಗ ತರಿಸಿ ಪುಟ ತಿರುವಿದರೆಂದು ಅವರ ಜೀವನಚರಿತ್ರೆಯಲ್ಲಿದೆ. ಶಿಷ್ಯರು ಅದಕ್ಕೆ ತಮ್ಮದೇ ಅರ್ಥ ಹೇಳುತ್ತಾರೆ. ಆ ಬಗ್ಗೆ ತೀರ್ಪು ಕೊಡುವುದು ಇತಿಹಾಸದ ಕೆಲಸವಲ್ಲ.

ಅವರ ಹುಟ್ಟಿದ ದಿನದ ಬಗ್ಗೆ ಮಾತ್ರ ಒಂದು ಕೆಲಸ ನೀವೇ ಮಾಡಿ ನೋಡಬಹುದು. ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12ರಂದು, ಮಕರ ಸಂಕ್ರಾಂತಿಯ ದಿನ. ಜನವರಿ 12ನ್ನು ನಿಮ್ಮ ಶಾಲೆ ಕಾಲೇಜುಗಳಲ್ಲಿ ರಾಷ್ಟ್ರೀಯ ಯುವದಿನವೆಂದು ಆಚರಿಸುತ್ತೀರಿ. ರಾಮಕೃಷ್ಣ ಮಠದವರು ಅದೇ ಜಯಂತಿಯನ್ನು ತಿಥಿಯ ಪ್ರಕಾರ, ಪುಷ್ಯ ಬಹುಳ ಸಪ್ತಮಿಯ ಲೆಕ್ಕದಲ್ಲಿ ಆಚರಿಸುತ್ತಾರೆ. ತಾರೀಖು ವರ್ಷವರ್ಷಕ್ಕೆ ಬದಲಾಗುತ್ತದೆ. ಇನ್ನು ಸಂಕ್ರಾಂತಿ ಈಗ ಬರುವುದು 14ಕ್ಕೋ 15ಕ್ಕೋ. ಮನೆಯ ಪಂಚಾಂಗ ಮತ್ತು ಕ್ಯಾಲೆಂಡರು ಎರಡನ್ನೂ ತೆಗೆದು, ಈ ವರ್ಷ ಆ ಮೂರೂ ದಿನಗಳು ಎಲ್ಲೆಲ್ಲಿ ಬಿದ್ದಿವೆ ಎಂದು ಗುರುತು ಹಾಕಿ. 1863ರಲ್ಲಿ ಅವು ಮೂರೂ ಒಂದೇ ದಿನವಾಗಿದ್ದವು.